ಬ್ಯಾಡಗಿಗೆ ಎಷ್ಟು ಅಕ್ಷರ?

ರಾಣೆಬೆನ್ನೂರು, ಪಡಸಾಲೆ, ಸಂಜೆ

ಅಕ್ಕನ ಮಗಳು ಧಾರವಾಡದ ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಸೂಟಿಗೆ ಬಂದವಳು ಪಡಸಾಲೆಯಲ್ಲಿ ಕೂತು ನಾಮಪದಗಳ ಪಟ್ಟಿಯೊಂದಕ್ಕೆ ಪೆನ್ಸಿಲ್ಲಿನಿಂದ ಸಣ್ಣ ಸಣ್ಣ ಗೆರೆ ಎಳೆಯುತ್ತಿದ್ದಳು.

"ಏನವಾ ಇದು? ಪದಗಳನ್ನ ಸೌತಿಕಾಯಿ ಹೆಚ್ಚಿದಂಗ ಹೆಚ್ಚಾಕತ್ತೀಯಲ್ಲ?"

"ಸಾಲು ಮುಗಿಯೋ ಕಡೆ ಪದಾನ ಎಲ್ಲಿ ಮುರೀಬೇಕು ಅಂತ ನೋಡಾಕತ್ತೀನ್ರೀ ಮಾಮಾ. ಇದಕ್ಕೂ ಕಟ್ಟಳೆ ಐತಿ."

ಕಟ್ಟಳೆ ಬರೆದುಕೊಂಡೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರದ ಪಾಲು. ಎರಡಿದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಆದರೆ ಎರಡನೆಯದು ಲ ಅಥವಾ ರ ಆಗಿದ್ದರೆ ಜೋಡಿಯನ್ನು ಅಗಲಿಸದೆ ಒಟ್ಟಿಗೇ ಮುಂದಕ್ಕೆ ಕಳಿಸಬೇಕು. ಚಿತ್ರಪಟಕ್ಕೆ ಅವರು ಹೇಳುವ 'ತಾಬ್ಲೊ' ಮುರಿದರೆ 'ತಾ-ಬ್ಲೊ'. ಒಂದೇ ವ್ಯಂಜನ ಇಮ್ಮಡಿಯಾಗಿದ್ದರೆ ನಡುವೆ ಸೀಳಬೇಕು. ಸೇಬು ಎಂಬರ್ಥದ ಪದ ಬರವಣಿಗೆಯಲ್ಲಿ 'ಪೊಮ್-ಮ', ಎರಡು ತುಂಡು. ಬಾಯಲ್ಲಿ ಮಾತ್ರ 'ಪೊಮ್' ಅಷ್ಟೇ, ಒಂದೇ ಉಸಿರು.

ಕೈಗೆ ಎರಡು, ಬಾಯಿಗೆ ಒಂದು. ಇದು ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅಲ್ಲೇ, ರಾತ್ರಿ

ಅದೇ ಕಟ್ಟಳೆಯನ್ನು ನಮ್ಮೂರ ಹೆಸರಿಗೆ ಹಚ್ಚಿ ನೋಡಿದೆ. ಫ್ರೆಂಚ್ ಲೆಕ್ಕದಲ್ಲಿ ರಾ-ಣೆ-ಬೆನ್-ನೂ-ರು. ಬೆಳಗಿನ ಪತ್ರಿಕೆಯ ಒಂದು ಕಾಲಂನಲ್ಲಿ ಅದೇ ಹೆಸರು ಸಾಲಿನ ತುದಿಯಲ್ಲಿ ಮುರಿದಿತ್ತು: ಮೇಲಿನ ಸಾಲಿನ ಕೊನೆಗೆ 'ರಾಣೆಬೆ', ಕೆಳಗಿನ ಸಾಲಿನ ಆರಂಭಕ್ಕೆ 'ನ್ನೂರು'. ಕನ್ನಡದ ಕೈ ಒತ್ತಕ್ಷರವನ್ನು ಸೀಳುವುದಿಲ್ಲ. 'ನ್ನೂ' ಒಂದೇ ಗಂಟು. ಹೋದರೆ ಇಡಿಯಾಗಿ ಹೋಗಬೇಕು.

ಹಾಗಾದರೆ ಶಾಲೆಯಲ್ಲಿ ಬಾಯಿಪಾಠ ಮಾಡಿದ ಛಂದಸ್ಸಿನ ಮಾತೇನು? ಒತ್ತಕ್ಷರದ ಹಿಂದಿನ ಅಕ್ಷರ ಗುರು. 'ಬೆ' ಹ್ರಸ್ವ, ಬಿಡಿಯಾಗಿ ಅಂದರೆ ಒಂದೇ ಮಾತ್ರೆ. 'ಬೆನ್ನೂರು' ಎಂಬಲ್ಲಿ ಅದಕ್ಕೆ ಎರಡು ಮಾತ್ರೆ. ಏಕೆ? 'ನ್ನೂ' ಪೂರ್ತಿಯಾಗಿ ಮುಂದಿನ ಅಕ್ಷರವೇ ಆಗಿದ್ದರೆ 'ಬೆ'ಗೆ ಈ ಭಾರ ಎಲ್ಲಿಂದ ಬಂತು?

ನಾಲಿಗೆಯ ಮೇಲಿಟ್ಟು ನಿಧಾನವಾಗಿ ಅಂದುಕೊಂಡೆ. ಬೆನ್... ನೂರು. ನಾಲಿಗೆ ಮೇಲಿನ ಹಲ್ಲಿಗೆ ತಾಗಿ ಒಂದು ಗಳಿಗೆ ನಿಲ್ಲುತ್ತದೆ. ಆ ನಿಲುಗಡೆ 'ಬೆ'ಯ ಪಾಲು. ಅಂದರೆ ಛಂದಸ್ಸನ್ನು ಕಟ್ಟಿದವರು ಕೈಯನ್ನು ನಂಬಲಿಲ್ಲ, ಕಿವಿಯನ್ನು ನಂಬಿದರು. ಬರವಣಿಗೆ ಬೆ-ನ್ನೂ-ರು ಎನ್ನಲಿ, ಲೆಕ್ಕ ಹಾಕಿದ್ದು ಬೆನ್-ನೂ-ರು ಎಂದೇ. ನಲವತ್ತು ವರ್ಷ ಬಾಯಿಪಾಠವಾಗಿದ್ದ ಸೂತ್ರಕ್ಕೆ ಇವತ್ತು ಅರ್ಥ ಸಿಕ್ಕಿತು. ಸಿಕ್ಕಿದ್ದು ಒಬ್ಬ ಹುಡುಗಿಯ ಫ್ರೆಂಚ್ ಪುಸ್ತಕದಿಂದ.

ರಾಣೆಬೆನ್ನೂರು ಬಸ್ ನಿಲ್ದಾಣ, ಬೆಳಿಗ್ಗೆ

ಹಾವೇರಿ ಬಸ್ಸಿಗೆ ಕಾಯುತ್ತ ಕಂಡಕ್ಟರುಗಳ ಕೂಗು ಕೇಳಿಸಿಕೊಂಡೆ. "ಹಾವೇರಿ ಹಾವೇರಿ ಹಾವೇರಿ!" ಇದರಲ್ಲಿ ಒಂದು ಸ್ವರವೂ ಸವೆಯುವುದಿಲ್ಲ. ಹಾ, ವೇ, ರಿ. ಮೂರೂ ಬಾಯಿ ತೆರೆದೇ ಮುಗಿಯುವ ತುಂಡುಗಳು. ದಾವಣಗೆರೆ ಕಡೆಯಿಂದ ಬರುವವರು ನಮ್ಮೂರನ್ನು ಕೂಗುವುದೇ ಬೇರೆ ಥರ: "ಬೆನ್ನೂರ್, ಬೆನ್ನೂರ್!" ಮುಂದಿನ ರಾಣೆಯೂ ಇಲ್ಲ, ಹಿಂದಿನ ಉಕಾರವೂ ಇಲ್ಲ.

ಪದವನ್ನು ಹೀಗೆ ಕತ್ತರಿಸುವುದು ಫ್ರೆಂಚರಿಗೂ ರೂಢಿ ಎನ್ನುತ್ತಾಳೆ ಸೊಸೆ. 'ವೆಲೊಸಿಪೇದ್' ಎಂಬ ಉದ್ದ ಪದದ ತಲೆ ಮಾತ್ರ ಉಳಿಸಿಕೊಂಡು ಸೈಕಲ್ಲಿಗೆ 'ವೆಲೊ' ಅಂದರು. 'ಮೆತ್ರೊಪೊಲಿತೆಂ' ಎಂಬ ನಗರ ರೈಲು 'ಮೆತ್ರೊ' ಆಯಿತು. ಬೆಂಗಳೂರಿನ ಮೆಟ್ರೋ ಅದೇ ತುಂಡು. ತಲೆ ಹೋಗಿ ಬಾಲ ಉಳಿದದ್ದೂ ಇದೆ. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ, ಎಲ್ಲರೂ ಹತ್ತಬಹುದಾದ ಕುದುರೆಗಾಡಿ ಶುರುವಾಯಿತು. ಅದಕ್ಕೆ ಲ್ಯಾಟಿನ್ನಿನ 'ಓಮ್ನಿಬಸ್' ಎಂಬ ಹೆಸರು. 'ಎಲ್ಲರಿಗೂ' ಎಂದು ಅರ್ಥ. ಅದರ ಕೊನೆಯ 'ಬಸ್' ಎಂಬುದಕ್ಕೆ ಸ್ವಂತ ಅರ್ಥವೇ ಇಲ್ಲ. ಅದು ವಿಭಕ್ತಿ ಪ್ರತ್ಯಯದ ತುಂಡು, ನಮ್ಮ 'ಎಲ್ಲರಿಗೆ'ಯಲ್ಲಿರುವ 'ಗೆ' ಇದ್ದಂತೆ. ಅರ್ಥವಿಲ್ಲದ ಆ ಬಾಲವನ್ನು ಇಡೀ ಜಗತ್ತು ಈಗ ನಾಮಪದ ಮಾಡಿಕೊಂಡಿದೆ.

ನಾವು ಅಷ್ಟಕ್ಕೇ ಬಿಡಲಿಲ್ಲ. 'ಬಸ್ಸು' ಮಾಡಿದೆವು.

ಬಸ್ಸಿನಲ್ಲಿ

ಬಸ್ಸು. ಪೆನ್ನು. ಕಪ್ಪು. ಬಲ್ಬು. ಕಾರು. ರೋಡು. ಬೋರ್ಡು. ಟಿಕೀಟು.

ಹ್ರಸ್ವ ಸ್ವರದ ಮುಂದೆ ಒಂದೇ ವ್ಯಂಜನ ಬಂದು ಪದ ಮುಗಿದರೆ ಆ ವ್ಯಂಜನ ಇಮ್ಮಡಿಯಾಗಿ ಉಕಾರ ಬರುತ್ತದೆ: ಬಸ್ಸು, ಪೆನ್ನು. ದೀರ್ಘದ ಮುಂದೆ ಇಮ್ಮಡಿಸುವುದಿಲ್ಲ: ಕಾರು, ರೋಡು. ವ್ಯಂಜನ ಮೊದಲೇ ಎರಡಿದ್ದರೂ ಇಮ್ಮಡಿಸುವುದಿಲ್ಲ: ಬಲ್ಬು, ಬೋರ್ಡು. ಈ ಕಟ್ಟಳೆಯನ್ನು ಯಾವ ಶಾಲೆಯೂ ಹೇಳಿಕೊಟ್ಟಿಲ್ಲ. ಆದರೂ 'ಕಾರ್ರು' ಅನ್ನುವ ಕೂಸು ಇಲ್ಲ, 'ಬಸು ಬಂತು' ಅನ್ನುವ ಅಜ್ಜಿ ಇಲ್ಲ.

ಇದು ಇಂಗ್ಲಿಷ್ ಬಂದಮೇಲೆ ಹುಟ್ಟಿದ ಕಟ್ಟಳೆಯಲ್ಲ. ಹಳಗನ್ನಡದ ಕಲ್, ಕಣ್, ಪಲ್ ಎಂಬುವು ಕಲ್ಲು, ಕಣ್ಣು, ಹಲ್ಲು ಆದವು. ಕಾಲ್, ಪಾಲ್, ಊರ್ ಎಂಬುವು ಕಾಲು, ಹಾಲು, ಊರು ಆದವು. 13ನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ವ್ಯಂಜನದಲ್ಲಿ ಮುಗಿಯುವ ಇಂಥ ಪದಗಳು ಕನ್ನಡದಲ್ಲಿ ಧಾರಾಳ ಇದ್ದವು. ಬರಬರುತ್ತ ಕನ್ನಡ ಪ್ರತಿ ಪದದ ಕೊನೆಗೂ ಒಂದು ಸ್ವರ ಕೂಡಿಸಿ, ತೆರೆದ ತುಂಡನ್ನೇ ಆರಿಸಿಕೊಂಡಿತು. ಆಮೇಲೆ ಬಂದ ಬಸ್ಸೂ ಕಾರೂ ಅದೇ ಅಚ್ಚಿಗೆ ಬಿದ್ದವು. ಕಲ್ಲಿಗೆ ಏನಾಯಿತೋ ಪೆನ್ನಿಗೂ ಅದೇ ಆಯಿತು.

ಹಾಗಿದ್ದರೆ ಕಂಡಕ್ಟರ್ 'ಬೆನ್ನೂರ್' ಎಂದಾಗ ಅವನು ಪದವನ್ನು ಕೆಡಿಸಿದನೇ, ಅಥವಾ ತನಗೆ ಗೊತ್ತಿಲ್ಲದೆಯೇ ಹಳಗನ್ನಡದ 'ಊರ್' ಅಂದನೇ?

ಹಾವೇರಿ, ಮಧ್ಯಾಹ್ನ

ಪುರಸಿದ್ಧೇಶ್ವರ ಗುಡಿಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಊರ ಹೆಸರನ್ನು ಇಲ್ಲಿನವರು 'ಹಾವು' ಮತ್ತು 'ಕೇರಿ' ಎಂದು ಬಿಡಿಸುತ್ತಾರೆ. ಬಿಡಿಸಿದ್ದನ್ನು ಮತ್ತೆ ಕೂಡಿಸಲು ಹೋದರೆ ತೊಡಕು. ಮಳೆ, ಕಾಲ ಕೂಡಿ ಮಳೆಗಾಲವಾದಂತೆ ಹಾವು, ಕೇರಿ ಕೂಡಿದರೆ 'ಹಾವುಗೇರಿ' ಆಗಬೇಕು. ಆ ಗಕಾರ ಎಲ್ಲಿ ಹೋಯಿತು?

ಸೊಸೆಗೆ ಫೋನ್ ಮಾಡಿ ಕೇಳಿದೆ: ಫ್ರೆಂಚಿನಲ್ಲಿ ಹೀಗೆ ನಡುವಿನ ಗ ಅಳಿದುಹೋದ ಪದ ಇದೆಯೇ? ಇದೆ ಅಂದಳು. ಆಗಸ್ಟ್ ತಿಂಗಳು. ಲ್ಯಾಟಿನ್ನಿನ 'ಔಗುಸ್ತುಸ್' ಫ್ರೆಂಚರ ಬಾಯಲ್ಲಿ ಸವೆದು ಸವೆದು ಈಗ 'ಊತ್'. ಕೆಲವರಿಗೆ ಬರೇ 'ಊ'. ನೀರಿನ ಲ್ಯಾಟಿನ್ ಹೆಸರು 'ಆಕ್ವಾ' ಅಲ್ಲಿ 'ಓ' ಆಗಿದೆ, ಒಂದೇ ಸ್ವರ. ಬರೆಯಲು ಮಾತ್ರ ಮೂರು ಅಕ್ಷರ ಬೇಕು.

ಎರಡು ಸ್ವರಗಳ ನಡುವೆ ಸಿಕ್ಕ ವ್ಯಂಜನದ ಕಷ್ಟ ಇದರಿಂದ ಕಾಣುತ್ತದೆ. ಇಷ್ಟರಿಂದ ಹಾವೇರಿಯ ಹೆಸರು ಇತ್ಯರ್ಥವಾಗುವುದಿಲ್ಲ, ನಿಜ. ಆದರೆ ಜನ ಹೇಳುವ ಬಿಡಿಸುವಿಕೆ ಬಾಯಿಯ ಸ್ವಭಾವಕ್ಕೆ ವಿರುದ್ಧವಲ್ಲ ಎಂದಾದರೂ ತಿಳಿಯಿತು. ಜಗಲಿಯ ನೆರಳು ಇನ್ನೂ ಇದೆ. ಮುಂದಿನ ಪುಟ.

ಹಾವೇರಿ, ಮುಂದುವರಿದು: ಸಂಧಿ

ಹತ್ತನೇ ಇಯತ್ತೆಯ ನನ್ನ ವ್ಯಾಕರಣವನ್ನು ಫ್ರೆಂಚಿಗೆ ಹಚ್ಚಿದರೆ ಅದು ಕೂತುಕೊಳ್ಳುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಲೋಪ: ಊರು + ಅಲ್ಲಿ = ಊರಲ್ಲಿ. ಅಲ್ಲಿ, ಗೆಳೆಯ ಎಂಬರ್ಥದ 'ಅಮಿ'ಯ ಹಿಂದೆ 'ಲ' ಎಂಬ ಗುರುತು ಪದ ಬಂದರೆ 'ಲಮಿ'. ಮೊದಲ ಪದದ ಕೊನೆಯ ಸ್ವರ ಬಿಟ್ಟುಹೋಗುತ್ತದೆ. ಅವರು ಅದರ ಜಾಗದಲ್ಲಿ ಒಂದು ಕೊಂಬು ಗುರುತು ಹಾಕಿ ನೆನಪಿಟ್ಟುಕೊಳ್ಳುತ್ತಾರೆ. ನಾವು ಗುರುತೂ ಉಳಿಸುವುದಿಲ್ಲ.

ಆಗಮ: ಮನೆ + ಅನ್ನು = ಮನೆಯನ್ನು, ಮಗು + ಅನ್ನು = ಮಗುವನ್ನು. ಅಲ್ಲಿ 'ಇಲ್ ಆ' ಎಂದರೆ 'ಅವನ ಹತ್ತಿರ ಇದೆ'. ಪ್ರಶ್ನೆಗಾಗಿ ತಿರುಗಿಸಿದರೆ ಎರಡು ಸ್ವರ ಡಿಕ್ಕಿ ಹೊಡೆಯುತ್ತವೆ. ನಡುವೆ ಒಂದು ತಕಾರ ಬಂದು ನಿಲ್ಲುತ್ತದೆ: 'ಆತಿಲ್?'

ಆದೇಶ: ಮಳೆಗಾಲದಲ್ಲಿ ಕ ಹೋಗಿ ಗ ಬಂದಂತೆ, ಅಲ್ಲಿ ಒಂಬತ್ತು ಎಂಬರ್ಥದ 'ನಫ್', ಗಂಟೆ ಎಂಬರ್ಥದ 'ಅರ್' ಕೂಡಿ 'ನವರ್' ಆಗುತ್ತದೆ. ಫ ಹೋಗಿ ವ. ಗಡಸು ಹೋಗಿ ಮಿದು. ಆ ವಕಾರ ಬಂದ ಕೂಡಲೇ ನಮ್ಮ 'ನವ' ಕಿವಿಗೆ ಬೀಳುತ್ತದೆ. ಕೇಳಿದ್ದು ತಪ್ಪಲ್ಲ, ಸಂಸ್ಕೃತದ ನವಕ್ಕೂ ಆ ಪದಕ್ಕೂ ಬೇರು ಒಂದೇ.

ನಾನು ಬೆರಗಾದದ್ದು ಎಲ್ಲಿ ಎಂದರೆ, ಈ ಸಂಧಿಗಳಲ್ಲಿ ಹೆಚ್ಚಿನವು ಒಂದೇ ಕೆಲಸ ಮಾಡುತ್ತಿವೆ. ಪದದ ಗಡಿಯಲ್ಲಿರುವ ವ್ಯಂಜನವನ್ನು ಎತ್ತಿ ಮುಂದಿನ ಸ್ವರದ ಮಡಿಲಿಗೆ ಹಾಕುತ್ತವೆ. ಊ-ರ-ಲ್ಲಿ. ಲ-ಮಿ. ಬಾಯಿ ಪದದ ಗಡಿಯನ್ನು ನೋಡುವುದಿಲ್ಲ. ಗಡಿ ಬೇಕಾದದ್ದು ಬರವಣಿಗೆಗೆ.

ಬ್ಯಾಡಗಿ, ಮೆಣಸಿನಕಾಯಿ ಮಾರುಕಟ್ಟೆ

ಚೀಲಗಳ ನಡುವೆ ನಡೆದರೆ ಕಣ್ಣಿಗಿಂತ ಮೊದಲು ಮೂಗಿಗೆ ಊರು ಗೊತ್ತಾಗುತ್ತದೆ. ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ಒಂದು ಕೈಯಲ್ಲಿ ಕಾಯಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಒಂದು ಒತ್ತು, ತೊಟ್ಟು ಬೇರೆ. ಮುರಿಯಬೇಕಾದ ಜಾಗ ಬೆರಳಿಗೆ ಗೊತ್ತು. ನೋಡುವ ಅಗತ್ಯವೇ ಇಲ್ಲ.

2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಎರಡು ಮುಖ್ಯ ಬಗೆ. ತೆಳ್ಳಗೆ ಉದ್ದಕ್ಕೆ ಸುಕ್ಕುಗಟ್ಟಿದ್ದು ಕಡ್ಡಿ, ಗಿಡ್ಡಗೆ ದುಂಡಗಿದ್ದದ್ದು ಡಬ್ಬಿ. ಹೆಸರಿಡಲು ಯಾವ ಪ್ರತ್ಯಯವೂ ಬೇಕಾಗಲಿಲ್ಲ, ಕಣ್ಣಿಗೆ ಕಂಡ ಹೋಲಿಕೆಯೇ ನಾಮಪದವಾಯಿತು.

ಕಾಯಿಯ ಮೂಲ ಹೆಸರು ಇನ್ನೂ ವಿಚಿತ್ರ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಈ ಗಿಡ ತರುವ ಮುಂಚೆ ಮೆಣಸು ಎಂದರೆ ಬಳ್ಳಿಯ ಕಾಳು. ಹೊಸ ಕಾಯಿಗೆ ಹೊಸ ಪದ ಹುಡುಕದೆ ಹಳೆಯದನ್ನೇ ಹಿಗ್ಗಿಸಿದರು: ಮೆಣಸಿನ ಕಾಯಿ. ಆಮೇಲೆ ಹಳೆಯ ಮೆಣಸೇ 'ಕಾಳುಮೆಣಸು', 'ಕರಿಮೆಣಸು' ಎಂದು ವಿಶೇಷಣ ಹೊತ್ತುಕೊಳ್ಳಬೇಕಾಯಿತು. ಫ್ರೆಂಚರೂ ಇದೇ ದಾರಿ ಹಿಡಿದಿದ್ದಾರೆ. ಮೆಣಸು ಅವರಿಗೆ 'ಪ್ವಾವ್ರ್'. ದೊಣ್ಣೆಮೆಣಸಿನಕಾಯಿಗೆ ಅದರ ಬಾಲಕ್ಕೆ ಒಂದು ಪ್ರತ್ಯಯ ಹಚ್ಚಿ 'ಪ್ವಾವ್ರೋಂ' ಅಂದರು. ಸಮುದ್ರಗಳಾಚೆಗಿನ ಎರಡು ಅಡುಗೆಮನೆಗಳು, ಒಂದೇ ಯೋಚನೆ.

ಖಾರದ ಮೆಣಸಿನಕಾಯಿಗೆ ಮಾತ್ರ ಅವರು 'ಪಿಮಾಂ' ಅನ್ನುತ್ತಾರೆ. ಈ ಪದದ ಮೂಲ ಲ್ಯಾಟಿನ್ನಿನ 'ಪಿಗ್ಮೆಂತುಮ್'. ಅದರ ಮೊದಲ ಅರ್ಥ ಬಣ್ಣ, ಆಮೇಲೆ ಮಸಾಲೆ. ಇದನ್ನು ಬರೆಯುತ್ತ ಕೈ ನಿಂತಿತು. ಬ್ಯಾಡಗಿ ಕಾಯಿಯನ್ನು ಜಗತ್ತು ಕೊಳ್ಳುವುದು ಖಾರಕ್ಕಲ್ಲ, ಬಣ್ಣಕ್ಕೆ. ಇದರಿಂದ ತೆಗೆದ ಕೆಂಪು ಓಲಿಯೋರೆಸಿನ್ ತಿಂಡಿಗೂ ಹೋಗುತ್ತದೆ, ತುಟಿಬಣ್ಣಕ್ಕೂ ಹೋಗುತ್ತದೆ. ಬ್ಯಾಡಗಿಯನ್ನು ಕಾಣದ ಭಾಷೆಯೊಂದರ ಪದದೊಳಗೆ ಬ್ಯಾಡಗಿಯ ಗುಣ ಕೂತಿದೆ.

ಅಲ್ಲೇ, ಚಹಾದ ಅಂಗಡಿ

ಫ್ರೆಂಚ್ ಸಮಾಸ ತಲೆಕೆಳಗು. ಹೂಕೋಸಿಗೆ ಅವರು 'ಶೂ-ಫ್ಲರ್' ಅನ್ನುತ್ತಾರೆ. ಶೂ ಎಂದರೆ ಕೋಸು, ಫ್ಲರ್ ಎಂದರೆ ಹೂ: ಕೋಸು-ಹೂ. ಮುಖ್ಯ ಪದ ಮೊದಲು, ಅದನ್ನು ಬಣ್ಣಿಸುವುದು ಆಮೇಲೆ. ಕನ್ನಡದಲ್ಲಿ ಯಜಮಾನ ಸಾಮಾನ್ಯವಾಗಿ ಕೊನೆಗೆ ಬರುತ್ತಾನೆ: ಹೂಕೋಸು, ಹುರಿಗಡಲೆ, ಸುಡುಗಾಡು, ಬೀಸುಗಲ್ಲು, ಬೆನ್ನೂರು. ಬಟಾಟಿಗೆ ಅವರ ಹೆಸರು 'ಪೊಮ್ ದ ತೆರ್'. 'ಸೇಬು, ನೆಲದ್ದು' ಎಂಬ ಕ್ರಮ. ನಾವು ಹೇಳಿದ್ದರೆ ನೆಲಸೇಬು, ನೆಲಗಡಲೆ ಅಂದ ಹಾಗೆ.

ಇನ್ನೊಂದು ಬಗೆ ಇದೆ. ಕ್ರಿಯೆ ಮೊದಲು, ನಾಮಪದ ಆಮೇಲೆ. ಆದರೆ ಸೂಚಿಸುವ ವಸ್ತು ಇವೆರಡೂ ಅಲ್ಲ. 'ಪೋರ್ತ್-ಮೊನೆ', ಅಂದರೆ 'ಹೊರು-ಚಿಲ್ಲರೆ'. ಅದು ಹೊರುವುದೂ ಅಲ್ಲ, ಚಿಲ್ಲರೆಯೂ ಅಲ್ಲ, ಚಿಲ್ಲರೆ ಹೊರುವ ಪಾಕೀಟು. ನಮ್ಮ ಮುಕ್ಕಣ್ಣ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ಬಹುವ್ರೀಹಿ ಪ್ಯಾರಿಸ್ಸಿನಲ್ಲಿ ಜೇಬಿನೊಳಗಿದೆ.

ಬೀಸುಗಲ್ಲಿನಲ್ಲಿಯೂ ಕ್ರಿಯೆ ಮೊದಲೇ ಇದೆ, ಆದರೆ ಕಲ್ಲು ಕಲ್ಲಾಗಿಯೇ ಉಳಿದಿದೆ.

ಬ್ಯಾಡಗಿ, ನಿಲ್ದಾಣ, ಸಂಜೆ

ಈಗ ಮೂರು ದಿನದಿಂದ ಕಾಡುತ್ತಿರುವ ವಿಷಯಕ್ಕೆ.

ಫಲಕದ ಮೇಲೆ ಬ್ಯಾಡಗಿ. ಬ್ಯಾ-ಡ-ಗಿ, ಮೂರು ಅಕ್ಷರ, ನಾಲ್ಕು ಮಾತ್ರೆ. ಟಿಕೀಟು ಕೇಳುವವರ ಬಾಯಲ್ಲಿ ಬ್ಯಾಡ್ಗಿ. ಬ್ಯಾಡ್-ಗಿ, ಎರಡು ತುಂಡು, ಮೂರು ಮಾತ್ರೆ. ಎಷ್ಟೋ ಇಂಗ್ಲಿಷ್ ಫಲಕಗಳಲ್ಲಿ ಡಕಾರಕ್ಕೂ ಗಕಾರಕ್ಕೂ ನಡುವೆ ಸ್ವರವೇ ಇಲ್ಲ. ಕನ್ನಡದ ಲಿಪಿ ಪದದ ಪೂರ್ಣ ರೂಪವನ್ನು ಕಾಯ್ದರೆ, ಪರದೇಶದ ಲಿಪಿ ಊರಿನವರ ಬಾಯನ್ನು ಕಾಯ್ದಿದೆ.

ನಾಲ್ಕನೇ ಇಯತ್ತೆಯಲ್ಲಿ ನಾನು ಪ್ರಬಂಧದಲ್ಲಿ 'ಬ್ಯಾಡ್ಗಿ ಸಂತಿ' ಎಂದು ಬರೆದಿದ್ದೆ. ಗುರುಗಳು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, "ಹಳ್ಳಿ ಭಾಷೆ ಬಿಡು, ಶುದ್ಧ ಬರೆ" ಅಂದರು. ಇಡೀ ವರ್ಗ ತಿರುಗಿ ನೋಡಿತು. ಅವತ್ತಿನಿಂದ ಅವ್ವ ಬ್ಯಾಡ್ಗಿ ಅಂದಾಗಲೆಲ್ಲ ಅವಳು ತಪ್ಪು ಮಾತಾಡುತ್ತಿದ್ದಾಳೆ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಆ ನೋವು ಸಣ್ಣದಲ್ಲ.

ಈ ಸೀಮೆಯ ಕನ್ನಡ ಬೇಸಿಗೆಯನ್ನು ಬ್ಯಾಸಗಿ ಅನ್ನುತ್ತದೆ, ಬೇಳೆಯನ್ನು ಬ್ಯಾಳಿ ಅನ್ನುತ್ತದೆ. ಬ್ಯಾಸಗಿಯನ್ನು ಶಾಲೆ ತಿದ್ದುತ್ತದೆ; ಬ್ಯಾಡಗಿಯ 'ಬ್ಯಾ'ವನ್ನು ಯಾರೂ ತಿದ್ದುವುದಿಲ್ಲ. ಊರ ಹೆಸರಾದದ್ದರಿಂದ ಅದು ಬದುಕಿಕೊಂಡಿತು.

ಸೊಸೆ ಹೇಳಿದ್ದು: ಫ್ರೆಂಚಿನಲ್ಲಿ ಶನಿವಾರಕ್ಕೆ ಬರೆಯುವುದು 'ಸ-ಮ-ದಿ', ಮೂರು ತುಂಡು. ಪ್ಯಾರಿಸ್ಸಿನವರು ಅನ್ನುವುದು 'ಸಮ್-ದಿ', ಎರಡು. ನಡುವಿನ ಸ್ವರ ಬರವಣಿಗೆಯಲ್ಲಿ ನಿಂತಿದೆ, ಬಾಯಲ್ಲಿ ಇಲ್ಲ. ತೆಂಕಣ ಫ್ರಾನ್ಸಿನಲ್ಲಿ ಅದನ್ನು ಈಗಲೂ ನುಡಿಯುವವರಿದ್ದಾರೆ. ಅವರ ಹಳೆಯ ಛಂದಸ್ಸಿನ 12 ತುಂಡುಗಳ ಸಾಲಿನಲ್ಲಿಯೂ, ಮುಂದೆ ವ್ಯಂಜನ ಬಂದರೆ, ಆ ಮೂಕ ಸ್ವರಕ್ಕೆ ಒಂದು ಎಣಿಕೆ ಸಲ್ಲುತ್ತದೆ. ಎರಡು ಲೆಕ್ಕ, ಎರಡಕ್ಕೂ ಮರ್ಯಾದೆ.

ಮೂಕ ಸ್ವರ ಮನಬಂದಂತೆ ಬೀಳುವುದೂ ಇಲ್ಲ. ಶುಕ್ರವಾರ ಅವರಿಗೆ 'ವಾಂದ್ರದಿ'. ಅಲ್ಲಿ ರ ಆದಮೇಲಿನ ಸ್ವರ ಬಿದ್ದರೆ ದ್, ರ್, ದ್ ಎಂದು ಮೂರು ವ್ಯಂಜನ ಒತ್ತಟ್ಟಿಗೆ ಬಂದು ನಾಲಿಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಉಳಿಯುತ್ತದೆ. ಇದನ್ನು ಮೂರು ವ್ಯಂಜನಗಳ ಕಟ್ಟಳೆ ಎಂದು ಹೇಳಿದವರು ಮೊರಿಸ್ ಗ್ರಾಮೊಂ ಎಂಬ ಭಾಷಾವಿಜ್ಞಾನಿ.

ನಮ್ಮಲ್ಲಿ? ರಾಣೆಬೆನ್ನೂರಿನ ಬೀಜದ ಅಂಗಡಿಗಳ ಮುಂದೆಲ್ಲ ಇರುವ ಪದ 'ಬಿತ್ತನೆ'. ನಾನು ಕಿವಿಗೊಟ್ಟಷ್ಟು ದಿನ ಒಬ್ಬರ ಬಾಯಲ್ಲೂ ಇದರ ನಡುವಿನ ಅಕಾರ ಬಿದ್ದದ್ದು ಕೇಳಲಿಲ್ಲ. ಬಿದ್ದರೆ ತ್, ತ್, ನ್ ಒಂದರ ಮೇಲೊಂದು ಬೀಳುತ್ತವೆ. ಬ್ಯಾಡಗಿಯಲ್ಲಿ ಬಿದ್ದರೆ ಡ್, ಗ್ ಎರಡೇ. ನಾಲಿಗೆ ಸುಲಭವಾಗಿ ದಾಟುತ್ತದೆ. ಮೆಣಸಿನಕಾಯಿ ಎಂಬ ಆರು ಅಕ್ಷರ ಮಾರುಕಟ್ಟೆಯ ಗಡಿಬಿಡಿಯಲ್ಲಿ ಮೆಣ್-ಸಿನ್-ಕಾ-ಯಿ ಎಂದು ನಾಲ್ಕಾಗುವುದೂ ಹೀಗೇ.

ಅಂದರೆ ಅವ್ವ ಅಂದದ್ದು ಕಟ್ಟಳೆ ತಪ್ಪಿದ ಮಾತಲ್ಲ, ಕಟ್ಟಳೆಯ ಮಾತು. ತೊಟ್ಟು ಬಿಡಿಸುವ ಹೆಬ್ಬೆರಳಿನ ಹಾಗೆ, ಎಲ್ಲಿ ಮುರಿಯಬೇಕು, ಎಲ್ಲಿ ಮುರಿಯಬಾರದು ಎಂದು ಅವಳ ನಾಲಿಗೆಗೆ ಗೊತ್ತಿತ್ತು.

ಮರಳಿ ರಾಣೆಬೆನ್ನೂರು

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ನಾಡಿನ ಗಡಿಗಳಲ್ಲಿ ಪುಲಿಗೆರೆಯನ್ನೂ ಹೇಳುತ್ತದೆ. ಪಂಪ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡ. ಪುಲಿಗೆರೆ ಈಗಿನ ಲಕ್ಷ್ಮೇಶ್ವರ, ಹಾವೇರಿಯಿಂದ ದೂರವಲ್ಲ. ತ್ರಿಪದಿಯ ಸರ್ವಜ್ಞನನ್ನು ಪರಂಪರೆ ನಂಟು ಹಾಕುವುದು ಈ ಜಿಲ್ಲೆಯ ಅಬಲೂರು, ಮಾಸೂರುಗಳಿಗೆ. ಇಂಥ ನೆಲದ ಮಕ್ಕಳಿಗೆ ಅವರ ಬಾಯಿ ಅಶುದ್ಧ ಎಂದು ಹೇಳಬಾರದು. ಫಲಕಕ್ಕೆ ಮೂರು ಅಕ್ಷರ ಬೇಕು, ಬರೆಯಲಿ, ಅದನ್ನು ಕಲಿಯಲೇಬೇಕು. ಆದರೆ ಕಲಿಸುವಾಗ 'ನೀನು ಅನ್ನುವುದು ಎರಡು, ಬರೆಯುವುದು ಮೂರು, ಎರಡಕ್ಕೂ ಕಾರಣವಿದೆ' ಎಂದರೆ ಸಾಕು. ಮಗು ವ್ಯಾಕರಣವನ್ನು ತನ್ನ ಬಾಯಲ್ಲೇ ಹುಡುಕಿಕೊಳ್ಳುತ್ತದೆ.

ರಾತ್ರಿ ಊಟವಾದ ಮೇಲೆ ಸೊಸೆಯ ನೋಟುಬುಕ್ಕಿನ ಕೊನೆಯ ಹಾಳೆ ಕೇಳಿ ತೆಗೆದುಕೊಂಡೆ. ಬ್ಯಾಡಗಿ ಎಂದು ಬರೆದೆ. ಕೆಳಗೆ ಅಕ್ಷರಕ್ಕೊಂದರಂತೆ ಮೂರು ಚುಕ್ಕೆ ಇಟ್ಟೆ. ಅವಳು ಒಮ್ಮೆ ಬಾಯಲ್ಲಿ ಅಂದು ನೋಡಿ, ಪೆನ್ಸಿಲ್ ತೆಗೆದುಕೊಂಡು ಮೇಲೆ ಎರಡು ಚುಕ್ಕೆ ಇಟ್ಟಳು.

"ಎರಡೂ ಇರ್ಲಿ ಬಿಡ್ರೀ ಮಾಮಾ," ಅಂದಳು.